ಹದಿನಾಲ್ಕನೇ ನಂಬರಿನ ರಿಬೌಂಡುಗಳು

ಹೋದ ವಾರ ಬೀದರಿನಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಮುದುಕ ಬಂದು ನನ್ನ ಪಕ್ಕ ಕೂತ. ಹೊರಗೆ ಜಿಟಿಜಿಟಿ ಮಳೆ, ಅವನ ಹೆಗಲ ಮೇಲೆ ನೆನೆದ ಕರಿ ಕಂಬಳಿ. ನನ್ನ ಸೀರೆಗೆ ತಾಗೀತೆಂದು ಅವನು ಅದನ್ನು ಮತ್ತೆ ಮತ್ತೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಇರಲಿ ಬಿಡಿ ಎಂದೆ. ನೆನೆದ ಉಣ್ಣೆಗೆ ಹಳೇ ಹಾಲಿನಂಥ, ಸ್ವಲ್ಪ ಹೊಗೆ ಹತ್ತಿದಂಥ ಒಂದು ವಾಸನೆ ಇರುತ್ತದೆ. ಆ ವಾಸನೆ ಮೂಗಿಗೆ ಬಂದರೆ ನನಗೆ ಬಾಸ್ಕೆಟ್‌ಬಾಲ್ ನೆನಪಾಗುತ್ತದೆ ಎಂದು ಹೇಳಿದ್ದರೆ ಮುದುಕ ನಕ್ಕುಬಿಡುತ್ತಿದ್ದ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು ನಾನು ಬೀದರಿನ ನಮ್ಮ ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಕಳೆದೆ. ಹಳೇ ಊರಿನ ಓಣಿ, ನೆಲಮಟ್ಟದ ಮನೆ. ಆ ಕೋಣೆಯ ಕಿಟಕಿಗೆ ಏಳು ಸರಳು. ಆಚೆ ಎರಡು ಮೊಳ ದೂರಕ್ಕೆ ಪಕ್ಕದ ಮನೆಯ ಗೋಡೆ. ಜೂನಿನಲ್ಲಿ ಆ ಗೋಡೆ ಬೋಳಾಗಿತ್ತು, ಜುಲೈ ಹೊತ್ತಿಗೆ ಪಾಚಿ ನನ್ನ ಎದೆಮಟ್ಟಕ್ಕೆ ಏರಿತ್ತು. ಹವಾಮಾನ ಎಂದು ನಾನು ಕಂಡದ್ದು ಇಷ್ಟೇ.

ನನ್ನ ಅತ್ತೆ ಮೇ ಕೊನೆಯಲ್ಲಿ ತಮ್ಮೂರು ಡಾಬಕಾದ ಮನೆಯ ಕಟ್ಟೆಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಬೀದರಿನಲ್ಲಿ ಆಪರೇಷನ್ ಆಯಿತು. ಮೂರು ತಿಂಗಳು ಕಾಲು ನೆಲಕ್ಕೆ ಊರುವ ಹಾಗಿಲ್ಲ ಎಂದರು ಡಾಕ್ಟರು. ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದ ಹೆಂಗಸು ಅವರು. ಮಂಚದ ಮೇಲೆ ಹಾಸಿದ ಆಸ್ಪತ್ರೆಯ ಮೆತ್ತನೆ ಹಾಸಿಗೆಯನ್ನು ಮೊದಲ ದಿನವೇ ತೆಗೆಸಿ, ಊರಿನಿಂದ ತಮ್ಮ ಕಂಬಳಿ ತರಿಸಿ ಹಾಸಿಸಿಕೊಂಡರು. ಮಳೆಯ ಥಂಡಿಗೆ ಆ ಕಂಬಳಿ ಎಂದೂ ಪೂರ್ತಿ ಒಣಗಲಿಲ್ಲ.

ನಮ್ಮ ಮನೆಯವರಿಗೆ ಔರಾದಿನ ಪಶು ಆಸ್ಪತ್ರೆಯಲ್ಲಿ ನೌಕರಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿ. ಉಳಿದವರು ಅತ್ತೆ ಮತ್ತು ನಾನು. ಬಿದ್ದಾಗಿನಿಂದ ಅತ್ತೆಗೆ ಒಬ್ಬರೇ ಇರಲು ಹೆದರಿಕೆ ಹೊಕ್ಕಿತ್ತು. ಮಾಳಿಗೆಗೆ ಬಟ್ಟೆ ತೆಗೆಯಲು ಹೋದರೂ ಐದು ನಿಮಿಷಕ್ಕೆ ಕೂಗು ಬರುತ್ತಿತ್ತು, "ತಂಗೀ, ಎಲ್ಲಿ ಹೋದಿ?" ನಾನು ಕ್ಲಿಪ್ಪುಗಳನ್ನು ಬಾಯಲ್ಲೇ ಕಚ್ಚಿಕೊಂಡು ಇಳಿದು ಬರುತ್ತಿದ್ದೆ. ತರಕಾರಿಯವನು ಬಾಗಿಲಿಗೆ ಬರುತ್ತಿದ್ದ, ಹಾಲಿನವನೂ ಬಾಗಿಲಿಗೆ. ಒಂದು ದಿನ ಚಪ್ಪಲಿ ಮೆಟ್ಟಿಕೊಳ್ಳಲು ಹೋದರೆ ಅದರೊಳಗೆ ಜೇಡ ಬಲೆ ಕಟ್ಟಿತ್ತು. ಅತ್ತೆಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಲು ಯಾರೂ ಸಿಗದಿದ್ದರೆ ಅದು ಎದೆಯಲ್ಲಿ ಕೂತು ಉಸಿರನ್ನು ಗಿಡ್ಡ ಮಾಡುತ್ತದೆ, ಅಷ್ಟೇ.

ಆಗ ನಸ್ರೀನ್ ಫೋನು ಮಾಡಿದಳು. ಬೀದರಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಈಗ ಅವಳು ಹೈದರಾಬಾದಿನ ಒಂದು ಕಂಪನಿಯಲ್ಲಿ ಮೇಲ್ವಿಚಾರಕಿ. ಬೇರೆ ದೇಶಗಳ ವೃತ್ತಿಪರ ಆಟಗಳ ವಿಡಿಯೋ ನೋಡಿ, ಯಾವ ಆಟಗಾರ ಏನು ಮಾಡಿದ ಎಂದು ಒಂದೊಂದನ್ನೂ ಗುರುತಿಸಿ ಅಂಕಿಅಂಶ ತಯಾರಿಸುವುದು ಅವರ ಕೆಲಸ. ಮನೆಯಲ್ಲೇ ಕೂತು ಮಾಡಬಹುದು.

"ನೀ ಸ್ಕೋರ್ ಬುಕ್ ಬರೀತಿದ್ದಿ ಅಲ್ಲಾ, ಇನ್ನೂ ನೆನಪದ ಏನು?" ಎಂದು ಕೇಳಿದಳು.

ನೆನಪಿರದೆ ಏನು. ಎಂಟನೇ ಇಯತ್ತೆಯವರೆಗೆ ನಾನು ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಒಂಬತ್ತಕ್ಕೆ ಬಂದಾಗ, ಮೊಣಕಾಲು ಕಾಣುವ ಚಡ್ಡಿಯಲ್ಲಿ ಮಗಳು ಓಡಬಾರದೆಂದು ಭಾಲ್ಕಿಯಿಂದ ಅಪ್ಪ ಚೀಟಿ ಕಳಿಸಿದರು. ಆಟ ಕಲಿಸುವ ಸಿಸ್ಟರ್ ಅದನ್ನು ಓದಿ, ಮಡಚಿ, ಕೋರ್ಟಿನ ಬದಿಯ ಮೇಜಿನ ಹಿಂದೆ ನನ್ನನ್ನು ಕೂಡಿಸಿ ಪೆನ್ಸಿಲ್ ಕೊಟ್ಟರು. ಎರಡು ವರ್ಷ ಗೆಳತಿಯರು ಆಡಿದ್ದನ್ನು ನಾನು ಬರೆದೆ. ತಪ್ಪು ಬರೆದರೆ ರಬ್ಬರಿನಿಂದ ಅಳಿಸುವ ಹಾಗಿರಲಿಲ್ಲ. ಒಂದೇ ಗೆರೆ ಹೊಡೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಬೇಕು. ಯಾರು ತಪ್ಪಿದರು ಎಂಬುದು ಕಾಣಬೇಕು ಎನ್ನುತ್ತಿದ್ದರು ಸಿಸ್ಟರ್.

ಹೀಗೆ ಕಂಪನಿಯ ಲ್ಯಾಪ್‌ಟಾಪ್ ಆ ಕೋಣೆಗೆ ಬಂತು. ನನ್ನ ಪಾಲಿಗೆ ಬಂದದ್ದು ದೂರದ ಒಂದು ದ್ವೀಪದೇಶದ ಸಣ್ಣ ಲೀಗಿನ ನೀಲಿ ಅಂಗಿಯ ತಂಡ. ನಮ್ಮ ಮಳೆಗಾಲ ಅವರಿಗೆ ಚಳಿಗಾಲ. ಅಲ್ಲಿನ ಸಂಜೆಯ ಆಟ ನಮ್ಮ ಮಧ್ಯಾಹ್ನಕ್ಕೆ ಮುಗಿದು, ಊಟವಾಗಿ ಪಾತ್ರೆ ತೊಳೆಯುವ ಹೊತ್ತಿಗೆ ವಿಡಿಯೋ ಬಂದಿರುತ್ತಿತ್ತು. ಒಂದು ಆಟವನ್ನು ಮೂರು ಸಲ ನೋಡುತ್ತಿದ್ದೆ. ಮೊದಲ ಸಲ ಯಾರು ಹೊಡೆದರು, ಬಿತ್ತೋ ತಪ್ಪಿತೋ ಎಂದು. ಎರಡನೇ ಸಲ ಪಾಸು, ಕಸಿದದ್ದು, ಕಳಕೊಂಡದ್ದು, ಫೌಲು. ಮೂರನೇ ಸಲ ರಿಬೌಂಡು. ಬುಟ್ಟಿಗೆ ಬೀಳದೆ ಚಿಮ್ಮಿ ಬಂದ ಚೆಂಡನ್ನು ಯಾರು ಹಿಡಿದರು ಎಂಬುದು ಆ ಲೆಕ್ಕ. ನನಗೆ ಅಳು ತರಿಸಿದ್ದು ಅದೇ. ಬುಟ್ಟಿಯ ಕೆಳಗೆ ಎಂಟು ಜನರ ನೂಕಾಟ, ಬೆನ್ನಿನ ನಂಬರು ಕಾಣುವುದಿಲ್ಲ, ಕೈಗಳ ಒಂದು ಗಿಡವೇ ಎದ್ದು ನಿಲ್ಲುತ್ತದೆ. ಒಂದೇ ತುಣುಕನ್ನು ಹತ್ತು ಸಲ ಹಿಂದೆ ಮುಂದೆ ಮಾಡುತ್ತಿದ್ದೆ.

ಹಾಗೆ ಮಾಡುತ್ತಿದ್ದಾಗ ಒಂದು ದಿನ ಮಂಚದಿಂದ ಅತ್ತೆ ಹೇಳಿದರು, "ಎಷ್ಟ್ ಸಲ ನೋಡ್ತಿ? ಆ ಕುಂಟ ಹಿಡ್ದಾನ."

ಯಾವ ಕುಂಟ ಎಂದು ಕೇಳಿದೆ. ಎಡಗಾಲು ಎಳೆದು ಹಾಕುವವನು, ಮಂಡಿಗೆ ಪಟ್ಟಿ ಕಟ್ಟಿದವನು ಎಂದರು. ತುಣುಕನ್ನು ನಿಧಾನಕ್ಕೆ ಓಡಿಸಿ ನೋಡಿದೆ. ಹೌದು, ಹದಿನಾಲ್ಕನೇ ನಂಬರು.

ಅವರಿಗೆ ಓದು ಬರಹ ಬರುವುದಿಲ್ಲ, ನಂಬರು ಬೇಕಾಗಿಯೂ ಇರಲಿಲ್ಲ. ನೂರಾರು ಕುರಿಗಳಲ್ಲಿ ಯಾವುದು ಯಾವುದೆಂದು ನಡಿಗೆಯಿಂದ, ಬೆನ್ನಿನ ಓರೆಯಿಂದ ಹೇಳುವವರಿಗೆ ಹತ್ತು ಜನ ಒಂದು ಲೆಕ್ಕವೇ. ಎರಡನೇ ವಾರದ ಹೊತ್ತಿಗೆ ಎಲ್ಲರಿಗೂ ಹೆಸರಿಟ್ಟಿದ್ದರು. ಬಾಯಿಬಡುಕ, ಉದ್ದಗುತ್ತಿಗಿ, ಸೇಠಜಿ. ಐದನೇ ನಂಬರಿನ ಚೆಂದದ ಹುಡುಗ ತಪ್ಪು ಮಾಡಿದಾಗೆಲ್ಲ ರೆಫರಿಗೆ ದೂರು ಹೇಳುತ್ತಿದ್ದ. ಅವನು "ಅಳಿಯ". ಹದಿನಾಲ್ಕನೆಯವನು ಕುಂಟ, ಪ್ರೀತಿ ಬಂದಾಗ "ನಮ್ಮ ಟಗರು". ಅವನಿಗೆ ವಯಸ್ಸಾಗಿತ್ತು. ಬಹುಪಾಲು ಬೆಂಚಿನ ಮೇಲೆ ಕೂತಿರುತ್ತಿದ್ದ, ಒಳಗೆ ಬಂದಾಗ ಚೆಂಡಿಗಾಗಿ ಜಿಗಿಯುತ್ತಿರಲಿಲ್ಲ. ಅದು ಎಲ್ಲಿ ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ.

"ಕುಂಟಿದ್ರೂ ನಡು ಬಗ್ಗಸಂಗಿಲ್ಲ ನೋಡು," ಎಂದು ಅತ್ತೆ ತಮ್ಮ ತೊಡೆ ಸವರಿಕೊಳ್ಳುತ್ತಿದ್ದರು.

ರಿಬೌಂಡಿನ ಕೆಲಸ ಹೀಗೆ ಅವರ ಪಾಲಿಗೆ ಹೋಯಿತು. ಅರಿಶಿನ ಕುಂಕುಮಕ್ಕೆ ಬಂದ ಸಣ್ಣ ಸ್ಟೀಲ್ ಬಟ್ಟಲುಗಳನ್ನು ಮಂಚದ ಅಂಚಿಗೆ ಸಾಲಾಗಿ ಇಟ್ಟೆ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು, ಎದುರಾಳಿಗಳಿಗೆಲ್ಲ ಸೇರಿ ಒಂದು. ತೊಡೆಯ ಮೇಲೆ ತೊಗರಿ ತುಂಬಿದ ತಟ್ಟೆ. ಹಿಡಿದವನ ಬಟ್ಟಲಿಗೆ ಒಂದು ಕಾಳು ಹಾಕುತ್ತಿದ್ದರು, ಟಣ್ ಎನ್ನುತ್ತಿತ್ತು. ನಾನು ಅಡುಗೆಮನೆಯಲ್ಲಿ ರಾತ್ರಿಯ ರೊಟ್ಟಿ ತಟ್ಟುತ್ತ ಆ ಟಣ್ ಕೇಳುತ್ತಿದ್ದೆ. ಆ ಹೊತ್ತಿನಲ್ಲಿ ಮಾತ್ರ ಅವರು ನನ್ನನ್ನು ಕೂಗುತ್ತಿರಲಿಲ್ಲ. ಒಂದು ದಿನ ಮಾಳಿಗೆಯ ಮೇಲೆ ಇಪ್ಪತ್ತು ನಿಮಿಷ ನಿಂತು ಬಂದೆ, ಕೋಟೆಯ ಕಡೆಯ ಮೋಡ ನೋಡುತ್ತ. ಬೇರೆಯವರ ಕೈ ಸೇರಿಸಬಾರದೆಂದು ಕಂಪನಿಯ ಕಾಗದದಲ್ಲಿ ಬರೆದಿತ್ತು. ನಾನು ಸಹಿ ಹಾಕಿದ್ದೆ. ಇಪ್ಪತ್ತು ನಿಮಿಷದ ಆಸೆಗೆ ಅದನ್ನು ಮರೆತೆ.

ಲೆಕ್ಕಕ್ಕೆ ಒಂದು ತಾಳೆ ಇದೆ. ತಪ್ಪಿದ ಹೊಡೆತಗಳು ಎಷ್ಟೋ ಎರಡೂ ತಂಡಗಳ ರಿಬೌಂಡುಗಳೂ ಅಷ್ಟೇ ಇರಬೇಕು. ಯಾರ ಕೈಗೂ ಸಿಗದೆ ಚೆಂಡು ಗೆರೆಯಾಚೆ ಹೋದರೆ ಅದನ್ನು ಆಟಗಾರನ ಹೆಸರಿಗೆ ಬರೆಯದೆ ತಂಡದ ಸಾಲಿಗೆ ಬರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಪ್ರತಿ ಆಟಕ್ಕೂ ಒಂದು ಕಡಿಮೆ ಬೀಳುತ್ತಿತ್ತು. ಒಂದೇ ಒಂದು. ಅತ್ತೆ ತೂಕಡಿಸಿರಬೇಕು ಎಂದುಕೊಂಡು, ಮತ್ತೆ ನೋಡುವ ಬೇಸರಕ್ಕೆ, ಆ ಒಂದನ್ನು ತಂಡದ ಸಾಲಿಗೆ ಸೇರಿಸಿ ಕಳಿಸುತ್ತಿದ್ದೆ. ಮೊತ್ತ ತಾಳೆಯಾಗುತ್ತಿತ್ತು. ಯಾರೂ ಕೇಳಲಿಲ್ಲ.

ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಕಮಠಾಣಕ್ಕೆ ಕೊಟ್ಟ ನಾದಿನಿ ಶಾಂತಾ ಹೊಲದ ಕಳೆ ಬಿಟ್ಟು ಮೂರು ದಿನ ಬಂದಿರಲು ಒಪ್ಪಿದ್ದಳು. ಭಾಲ್ಕಿಯಿಂದ ಅಣ್ಣ ಬಂದು ಕರೆದೊಯ್ಯುವನು. ನಾನು ದಿನ ಎಣಿಸುತ್ತಿದ್ದೆ. ಅಮ್ಮನ ಮನೆಯ ಹಿತ್ತಲಿನಲ್ಲಿ ಸುಮ್ಮನೆ ಆ ಕಡೆಯಿಂದ ಈ ಕಡೆಗೆ ನಡೆಯಬೇಕು, ಯಾರೂ ಕೂಗಬಾರದು. ಬೇರೆ ಏನೂ ಬೇಡವಾಗಿತ್ತು. ಚೀಲದಲ್ಲಿ ಎರಡು ಸೀರೆ ಮಡಚಿಟ್ಟು, ಆ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ.

ಹೊರಡುವ ಹಿಂದಿನ ದಿನ ನಸ್ರೀನಳ ಫೋನು. ಕೆಲಸದ ಮಾತು ಮುಗಿದ ಮೇಲೆ ಹರಟೆಯ ದನಿಯಲ್ಲಿ ಹೇಳಿದಳು. ನೀಲಿ ತಂಡದವರಿಗೆ ಹೊಸಬನೊಬ್ಬ ಸಿಕ್ಕಿದ್ದಾನೆ, ಅವನಿಗೆ ಜಾಗ ಮಾಡಲು ಒಬ್ಬನನ್ನು ಬಿಡಬೇಕು. ಐದನೆಯವನೋ ಹದಿನಾಲ್ಕನೆಯವನೋ ಎಂದು ಇಬ್ಬರ ಅಂಕಿಅಂಶ ಕೇಳಿದ್ದಾರೆ, ಮೂರು ದಿನದಲ್ಲಿ ತೀರ್ಮಾನ.

"ಇಬ್ಬರದೂ ಎಲ್ಲಾ ಬರಾಬರಿ ಅದ. ರಿಬೌಂಡಿನಾಗ ಅಷ್ಟೇ ಹದಿನಾಲ್ಕನೇದಂವ ಸರಾಸರಿ ಆಟಕ್ಕ ಅರ್ಧ ಹಿಂದ ಬಿದ್ದಾನ. ಹೋಗ್ತಾನ ಬಿಡು ಪಾಪ," ಎಂದಳು.

ನಾನು ಅದನ್ನು ಅತ್ತೆಗೆ ಹೇಳಬಾರದಾಗಿತ್ತು. ಹೇಳಿದೆ. ಅವರು ತಲೆದಿಂಬಿನ ಕೆಳಗೆ ಕೈ ಹಾಕಿ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅದರಲ್ಲಿ ಹನ್ನೊಂದು ತೊಗರಿ ಕಾಳು.

"ಅಂವ ಹಿಂದ ಬಿದ್ದಿಲ್ಲ," ಎಂದರು. "ನಾ ತಗದಿಟ್ಟೀನಿ."

ನನಗೆ ತಿಳಿಯಲಿಲ್ಲ. ಅವರು ಮಗುವಿಗೆ ಹೇಳುವ ಹಾಗೆ ಹೇಳಿದರು. ಹಟ್ಟಿಯಲ್ಲಿ ಮರಿ ಎಣಿಸುವಾಗ ಅವರ ಮನೆಯಲ್ಲಿ ಪೂರಾ ಎಣಿಸುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಮರಿ ಯಾವುದೋ ಅದನ್ನು ಬಿಟ್ಟು ಎಣಿಸಬೇಕು. ಪೂರಾ ಎಣಿಸಿ ಬಾಯಿಂದ ಆಡಿದರೆ ದೃಷ್ಟಿಯಾಗುತ್ತದೆ, ಆ ಮರಿ ಉಳಿಯುವುದಿಲ್ಲ. ಅವರ ಅತ್ತೆ ಕಲಿಸಿದ್ದು. ಬೇರೆ ಆಟಗಾರರಿಗೆ ದೃಷ್ಟಿಯಾದರೆ ಆಗಲಿ. ಕುಂಟನದು ಮಾತ್ರ ಆಟಕ್ಕೊಂದು ಬಿಟ್ಟಿದ್ದರು, ಅದೂ ಅವನು ಎಲ್ಲಕ್ಕಿಂತ ಚೆಂದ ಹಿಡಿದದ್ದನ್ನು.

"ಉಳೀಲಿ ಅಂತ ಮಾಡ್ದೆ ತಂಗಿ," ಎಂದರು.

ಹನ್ನೊಂದು ಆಟ, ಹನ್ನೊಂದು ಕಾಳು. ನಾನು ಹನ್ನೊಂದು ಸಲ ಆ ಕಾಳುಗಳನ್ನು ಯಾರದೂ ಅಲ್ಲದ ಸಾಲಿಗೆ ತುಂಬಿದ್ದೆ. ಅವರು ತೆಗೆದಿಟ್ಟದ್ದಕ್ಕೆ ಒಂದು ಕಾರಣವಿತ್ತು. ನಾನು ನೋಡದೆ ಬಿಟ್ಟದ್ದಕ್ಕೆ ರೊಟ್ಟಿ ಆರುತ್ತದೆ ಎಂಬುದಷ್ಟೇ ಕಾರಣ.

ತಿದ್ದಬಹುದಿತ್ತು. ಆದರೆ ಬರಿ ಮಾತಿನಿಂದ ಕಂಪನಿ ತಿದ್ದುವುದಿಲ್ಲ. ಯಾವ ಆಟ, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂದು ತುಣುಕು ತೋರಿಸಬೇಕು. ಹನ್ನೊಂದು ಆಟ ಮತ್ತೆ ನೋಡಬೇಕು, ಮೂರು ದಿನದಲ್ಲಿ. ಯಾಕೆ ತಪ್ಪಾಯಿತು ಎಂದೂ ಬರೆಯಬೇಕು. ಅದನ್ನು ಬರೆದರೆ ಕೆಲಸ ಉಳಿಯುವುದಿಲ್ಲ. ಕೆಲಸ ಹೋದರೆ ಆ ಕೋಣೆಯಲ್ಲಿ ಮತ್ತೆ ಏಳು ಸರಳು, ಒಂದು ಗೋಡೆ. ಮತ್ತು ಬಾಗಿಲ ಹಿಂದೆ ನನ್ನ ಚೀಲ ನೇತಾಡುತ್ತಿತ್ತು.

ಮರುದಿನ ಬೆಳಿಗ್ಗೆ ಶಾಂತಾ ಬಂದಳು, ಹಿಂದೆಯೇ ಅಣ್ಣ. ನಾನು ಅಣ್ಣನಿಗೆ ಚಹಾ ಕೊಟ್ಟು, ಈ ಸಲ ಆಗುವುದಿಲ್ಲ ಎಂದೆ. ಅವನು ಅತ್ತೆಯ ಕಡೆ ನೋಡಿದ. ಅವರೇ ಬಿಡುತ್ತಿಲ್ಲ ಎಂದುಕೊಂಡ, ಪಾಪ. ಅತ್ತೆ ಆ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಅಮ್ಮ ಕಳಿಸಿದ ಉಂಡಿಯ ಡಬ್ಬಿ ಇಟ್ಟು ಅಣ್ಣ ಹೋದ. ಅವನ ಸ್ಕೂಟರಿನ ಸದ್ದು ಓಣಿ ದಾಟುವವರೆಗೆ ನಾನು ಲೋಟ ಹಿಡಿದು ನಿಂತೇ ಇದ್ದೆ. ಓಡಿ ಹೋಗಿ ತಡೆಯಬೇಕೆಂದು ಕಾಲು ಮುಂದೆ ಬಂದದ್ದು ಸುಳ್ಳಲ್ಲ.

ಶಾಂತಾಳಿಗೆ ತಲೆಬುಡ ಅರ್ಥವಾಗಲಿಲ್ಲ. "ನಾ ಕಳಿ ಬಿಟ್ಟು ಬಂದೀನಿ ವೈನಿ, ನೀವು ಅತ್ತಿಸೊಸಿ ಇಬ್ಬರೂ ಗಂಡಸರ ಚೆಂಡಾಟ ನೋಡ್ಕೋತ ಕುಂತೀರಿ. ಊರಾಗ ಹೇಳಿದ್ರ ನಗ್ತಾರ," ಎಂದಳು. ಆದರೆ ಹೋಗಲಿಲ್ಲ. ಅಡುಗೆಮನೆ ತಾನೇ ಹಿಡಿದಳು. ಎರಡನೇ ದಿನ ಈಳಿಗೆಮಣೆಯನ್ನು ಕೋಣೆಯ ಹೊಸ್ತಿಲಿಗೆ ತಂದುಕೊಂಡು, ಬದನೆಕಾಯಿ ಹೆಚ್ಚುತ್ತ ತಾನೂ ನೋಡತೊಡಗಿದಳು.

ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ, ಮೂರು ದಿನ. ಹದಿನಾಲ್ಕನೆಯವನು ಒಳಗೆ ಬಂದ ಹೊತ್ತನ್ನಷ್ಟೇ ಓಡಿಸುತ್ತಿದ್ದೆ. ಅತ್ತೆಗೆ ಎಲ್ಲವೂ ನೆನಪಿತ್ತು. "ಇದಲ್ಲ... ಇದೂ ಅಲ್ಲ... ಮುಂದ ಹೋಗು," ಎನ್ನುತ್ತಿದ್ದರು. ಆಮೇಲೆ ಅವರ ಬೆರಳು ಮೇಲೆ ಬರುತ್ತಿತ್ತು, "ಹಾಂ, ಇದು." ನಾನು ನಿಲ್ಲಿಸಿ ಸೆಕೆಂಡು ಬರೆದುಕೊಳ್ಳುತ್ತಿದ್ದೆ. ಹನ್ನೊಂದು ಸಲ ನಿಲ್ಲಿಸಿದ ಚಿತ್ರಗಳು ಈಗಲೂ ಕಣ್ಣ ಮುಂದಿವೆ. ಒಂದರಲ್ಲಿ ಅವನು ಇಬ್ಬರ ನಡುವೆ ಸಿಕ್ಕಿ, ಹೊರಬರಲು ದಾರಿಯಿಲ್ಲದೆ, ಒಂದೇ ಕೈಯನ್ನು ಮೇಲೆತ್ತಿದ್ದಾನೆ. ಚೆಂಡು ಬೆರಳ ತುದಿಗೆ ಬಂದು ಕೂತಿದೆ. ಮುಖದಲ್ಲಿ ಗೆದ್ದವನ ಕಳೆಯಿಲ್ಲ. ಬೆಳಗಿನ ನಲ್ಲಿಗೆ ಕೊಡ ಹಿಡಿದು ನಿಂತವರ ಮುಖ ಅದು.

ಕಡೆಯ ದಿನ ಸಂಜೆ ಪತ್ರ ಬರೆದೆ. ಸಿಸ್ಟರ್ ಕಲಿಸಿದ ನೇರ ಇಂಗ್ಲಿಷಿನಲ್ಲಿ ಹನ್ನೊಂದು ಸಾಲು ತಿದ್ದುಪಡಿ, ಕೆಳಗೆ ನಾಲ್ಕು ಸಾಲು. ರಿಬೌಂಡುಗಳನ್ನು ನನ್ನ ಅತ್ತೆ ಗುರುತಿಸಿದರು, ಅವರು ಒಂದನ್ನೂ ತಪ್ಪು ಗುರುತಿಸಿಲ್ಲ, ಕಡಿಮೆ ಬಿದ್ದುದನ್ನು ಪರೀಕ್ಷಿಸದೆ ತಂಡದ ಸಾಲಿಗೆ ಬರೆದವಳು ನಾನು, ತಪ್ಪು ನನ್ನದು. ದೃಷ್ಟಿಯ ವಿಷಯ ಬರೆಯಲಿಲ್ಲ. ಅದು ನಮ್ಮ ಮನೆಯ ಮಾತು. ಕಳಿಸುವ ಗುಂಡಿ ಒತ್ತುವ ಮೊದಲು ಅತ್ತೆಯ ಕಡೆ ನೋಡಿದೆ.

"ಇದು ಹೋದ್ರ ನಿನ್ನ ಕೆಲಸ ಹೋಗ್ತದ ಅಲ್ಲಾ?" ಎಂದರು.

"ಹೋಗ್ತದ್ರಿ."

"ಮತ್ತ ನೀ ಹ್ಯಾಂಗ ಇರ್ತಿ ಇಲ್ಲಿ?"

ಎರಡು ತಿಂಗಳಲ್ಲಿ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಗುಂಡಿ ಒತ್ತಿದೆ.

ಕಂಪನಿ ಮರುದಿನವೇ ಉತ್ತರ ಕಳಿಸಿತು. ತಿದ್ದುಪಡಿ ಸ್ವೀಕರಿಸಲಾಗಿದೆ, ಧನ್ಯವಾದ, ಲ್ಯಾಪ್‌ಟಾಪನ್ನು ಕೊರಿಯರಿನಲ್ಲಿ ಹಿಂತಿರುಗಿಸಿ. ನಮ್ಮ ಮನೆಯವರು ಶನಿವಾರ ಬಂದು ಅದನ್ನು ಡಬ್ಬಿಗೆ ಕಟ್ಟಿ ಒಯ್ದರು. ಯಾರೋ ಪರದೇಶದವನಿಗಾಗಿ ಇಷ್ಟೆಲ್ಲ ಯಾಕೆ ಎಂದು ಅವರು ಕೇಳಲಿಲ್ಲ.

ಶಾಂತಾ ಕಮಠಾಣಕ್ಕೆ ಮರಳಿದ ಮೇಲಿನ ದಿನಗಳು ಮೊದಲಿಗಿಂತ ಉದ್ದವಾದವು. ಮೊದಲು ನಾವಿಬ್ಬರೂ ಏನನ್ನೂ ಕಾಯುತ್ತಿರಲಿಲ್ಲ. ಈಗ ಊಟವಾದ ಮೇಲೆ ಅತ್ತೆ ಕಂಬಳಿ ಸರಿಮಾಡಿಕೊಂಡು ಬೆನ್ನಿಗೆ ದಿಂಬು ಇಡಿಸಿಕೊಂಡು ಕೂರುತ್ತಿದ್ದರು. ಮೇಜು ಬರಿದಾಗಿರುವುದನ್ನು ನೋಡಿ ಮತ್ತೆ ಜಾರಿ ಮಲಗುತ್ತಿದ್ದರು. ಪಾಚಿ ಕಿಟಕಿಯ ಮೇಲಿನ ಅಂಚನ್ನು ದಾಟಿತು. ನಾನು ಮಾಳಿಗೆಗೆ ಹೋದರೆ ಈಗ ಕೂಗುತ್ತಿರಲಿಲ್ಲ. ಬಾಯಿ ಬಿಗಿಹಿಡಿದು ಕಾಯುತ್ತಿದ್ದಾರೆಂದು ಗೊತ್ತಿದ್ದ ನನಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಐದು ನಿಮಿಷಕ್ಕೆ ನಾನೇ ಇಳಿದು ಬರುತ್ತಿದ್ದೆ.

ಹತ್ತನೆಯ ದಿನ ನಸ್ರೀನ್ ಫೋನು ಮಾಡಿದಳು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತು, ಮೇಲಿನವರ ಮುಂದೆ ಮಾತು ಕೇಳಬೇಕಾಗಿ ಬಂದಿತ್ತು. ಒಂದಷ್ಟು ಬೈದಳು. ಬೈದು ಮುಗಿಸಿ ಹೇಳಿದಳು. ಐದನೆಯವನನ್ನು, ಅಂದರೆ ನಮ್ಮ ಅಳಿಯನನ್ನು, ಬಿಟ್ಟಿದ್ದಾರೆ. ಹದಿನಾಲ್ಕನೆಯವನು ಸೀಸನ್ ಮುಗಿಯುವವರೆಗೂ ಇರುತ್ತಾನೆ. ನಿನ್ನೆಯ ಆಟದಲ್ಲಿ ಅರ್ಧದಷ್ಟು ಹೊತ್ತು ಅವನೇ ಆಡಿದ.

"ಎಷ್ಟು ಹಿಡ್ದ?" ಎಂದೆ.

"ಒಂಬತ್ತು. ಈ ಸಲ ಬರ್ದಾಕಿ ಬ್ಯಾರೆ ಹುಡುಗಿ. ಪೂರಾ ಒಂಬತ್ತು."

ಫೋನು ಇಟ್ಟು ಕೋಣೆಗೆ ಬಂದೆ. ಅತ್ತೆ ಅರ್ಧ ಎದ್ದು ಮೊಣಕೈ ಊರಿ ನನ್ನನ್ನೇ ನೋಡುತ್ತಿದ್ದರು. ಮಾತು ಕೇಳಿಸಿತ್ತು ಅವರಿಗೆ. ಅವನು ಉಳಿದನೆಂದು ಹೇಳಿದೆ. ಕಣ್ಣು ಮುಚ್ಚಿ ತೆರೆದರು.

"ಎಷ್ಟು ಹಿಡ್ದಾನಂತ?"

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಬೇಡ ಎಂದಲ್ಲ. ನಿಧಾನಕ್ಕೆ, ನೋಡಿ ಹೇಳು ಎನ್ನುವ ಹಾಗೆ.

ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಮೂರು ದಿನ ತವರು ಬಿಟ್ಟು, ಕೆಲಸ ಬಿಟ್ಟು, ಹನ್ನೊಂದು ಕಾಳುಗಳನ್ನು ಒಂದೊಂದಾಗಿ ಸರಿಯಾದ ಬಟ್ಟಲಿಗೆ ಹಾಕಿ ಬಂದವಳು.

"ಎಂಟು," ಎಂದೆ.

"ಚಲೋ ಆತು," ಎಂದು ಅತ್ತೆ ಮತ್ತೆ ಕಂಬಳಿಯ ಮೇಲೆ ತಲೆ ಇಟ್ಟರು.